ಅಮ್ಮನಿಗೆ ಅಮೆರಿಕದ ಸಿಟಿಜನ್‌ಶಿಪ್ ಪರೀಕ್ಷೆಯ ಕ್ಲಾಸ್ ಎಲ್ಲಿ ಸಿಗುತ್ತದೆ, ಲಾಯರ್‌ಗೆ ಅಷ್ಟೊಂದು ದುಡ್ಡು ಕೊಡಲೇಬೇಕಾ?

ನೀವು ಕೇಳಿದ್ದು ಇಷ್ಟು. ಅಮ್ಮನಿಗೆ 63 ವರ್ಷ, ಗ್ರೀನ್ ಕಾರ್ಡ್ ಬಂದು ಏಳು ವರ್ಷ ಆಗಿದೆ, ಓದಿದ್ದು ಕನ್ನಡ ಮೀಡಿಯಮ್‌ನಲ್ಲಿ ಎಂಟನೇ ಕ್ಲಾಸ್‌ವರೆಗೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಹತ್ತಿರ ಕ್ಲಾಸ್ ಬೇಕು. ಲಾಯರ್ ಒಬ್ಬರು ಎರಡೂವರೆ ಸಾವಿರ ಡಾಲರ್ ಕೇಳಿದ್ದಾರೆ. ಫಾರ್ಮ್ ತುಂಬಿಕೊಡುವ ಅಂಗಡಿಯವರೊಬ್ಬರು ಮುನ್ನೂರಕ್ಕೆ ಎಲ್ಲ ಮುಗಿಸಿಕೊಡ್ತೀನಿ ಅಂದಿದ್ದಾರೆ. ಕೊನೆಯಲ್ಲಿ, ಹೋಗ್ತಾ ಹೋಗ್ತಾ ಹೇಳಿದ ಹಾಗೆ, ಮೂರು ವರ್ಷದ ಹಿಂದೆ ಅಜ್ಜಿಗೆ ಹುಷಾರಿಲ್ಲದಾಗ ಅಮ್ಮ ಹಾಸನದಲ್ಲಿ ಏಳೂವರೆ ತಿಂಗಳು ಇದ್ದು ಬಂದರು ಅಂತಲೂ ಬರೆದಿದ್ದೀರಿ.

ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ತೂಕ ಇರೋದು ಆ ಕೊನೆಯ ಸಾಲಿಗೆ.

ನಾನು ಲಾಯರ್ ಅಲ್ಲ. ನಿಮ್ಮ ಕಡೆಯೇ ಇರೋದು, ಇಲ್ಲಿನ ಒಂದು ಲೈಬ್ರರಿಯ ಸಿಟಿಜನ್‌ಶಿಪ್ ಕ್ಲಾಸಿನಲ್ಲಿ ವಾಲಂಟಿಯರ್ ಆಗಿ ಕೂರುತ್ತೇನೆ, ಅಷ್ಟೇ. ಕ್ಲಾಸಿನ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ. ಕಾನೂನಿನ ಬಗ್ಗೆ, ಯಾರ ಹತ್ತಿರ ಹೋಗಬೇಕು, ಏನು ಕೇಳಬೇಕು ಅನ್ನುವವರೆಗೆ ಹೇಳಬಲ್ಲೆ.

ಮೊದಲು ಆ ಏಳೂವರೆ ತಿಂಗಳ ವಿಷಯ. ಸಾಮಾನ್ಯ ನಿಯಮ ಅಂದರೆ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಿರಬೇಕು, ಆ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದೊಳಗೇ ಇರಬೇಕು, ಜತೆಗೆ ವಾಸ ತುಂಡಾಗಬಾರದು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ, ಒಂದು ವರ್ಷಕ್ಕಿಂತ ಕಡಿಮೆ ಹೊರಗಿದ್ದರೆ ವಾಸ ತುಂಡಾಗಿದೆ ಅಂತಲೇ ಯುಎಸ್‌ಸಿಐಎಸ್, ಅಂದರೆ ಪೌರತ್ವದ ಅರ್ಜಿ ನೋಡುವ ಅಮೆರಿಕದ ಇಲಾಖೆ, ಲೆಕ್ಕ ಹಿಡಿಯುತ್ತದೆ. ಆಗಿಲ್ಲ ಅಂತ ತೋರಿಸುವ ಹೊಣೆ ಅರ್ಜಿ ಹಾಕಿದವರ ಮೇಲೆ ಬೀಳುತ್ತದೆ. ಮನೆ ಇಲ್ಲೇ ಇತ್ತು, ಕುಟುಂಬ ಇಲ್ಲೇ ಇತ್ತು, ಟ್ಯಾಕ್ಸ್ ಇಲ್ಲಿಯ ನಿವಾಸಿಯಾಗಿಯೇ ಕಟ್ಟಿದ್ದಾರೆ, ಅಲ್ಲಿ ಹೋಗಿ ಕೆಲಸಕ್ಕೆ ಸೇರಿಲ್ಲ, ಹೋದ ಕಾರಣಕ್ಕೆ ಆಸ್ಪತ್ರೆಯ ಕಾಗದ ಇದೆ, ಇಂಥವನ್ನೆಲ್ಲ ಜೋಡಿಸಿ ತೋರಿಸಿದರೆ ಒಪ್ಪಿಕೊಳ್ಳುವುದೂ ಉಂಟು. ಒಪ್ಪದಿದ್ದರೆ ಅರ್ಜಿ ಹೋಯಿತು, ಕಟ್ಟಿದ ಫೀ ವಾಪಸ್ ಬರೋದಿಲ್ಲ.

ಇನ್ನೊಂದು ದಾರಿ ಸುಮ್ನೆ ಕಾಯುವುದು. ಅಮ್ಮ ವಾಪಸ್ ಬಂದ ದಿನದಿಂದ ನಾಲ್ಕೂವರೆ ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ, ಹಿಂದಿನ ಐದು ವರ್ಷದ ಕಿಟಕಿಯೊಳಗೆ ಆ ಪ್ರವಾಸದ ಆರು ತಿಂಗಳಿಗಿಂತ ಕಡಿಮೆ ಭಾಗ ಮಾತ್ರ ಉಳಿಯುತ್ತದೆ, ಆ ತಕರಾರೇ ಏಳೋದಿಲ್ಲ. ನಿಮ್ಮ ಲೆಕ್ಕದಲ್ಲಿ ಅದಕ್ಕೆ ಇನ್ನು ಒಂದೂವರೆ ವರ್ಷ ಬೇಕು. ಅಷ್ಟರಲ್ಲಿ ಮತ್ತೆ ಊರಿಗೆ ಹೋಗಿ ಆರು ತಿಂಗಳು ಕೂರಬಾರದು. ಈ ಎರಡು ದಾರಿಯಲ್ಲಿ ಯಾವುದು ಅನ್ನುವುದಕ್ಕೇ ನಿಮಗೆ ಕಾನೂನು ತಿಳಿದವರು ಬೇಕಾಗಿರೋದು. ಅದು ಒಂದು ಗಂಟೆಯ ಮಾತುಕತೆ. ಅದಕ್ಕೆ ಎರಡೂವರೆ ಸಾವಿರ ಬೇಕಿಲ್ಲ.

ಈಗ ಕ್ಲಾಸ್. ಇದು ನೀವು ಅಂದುಕೊಂಡಿದ್ದಕ್ಕಿಂತ ಸುಲಭ. ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್‌ಗಳೇ ದೊಡ್ಡವರಿಗಾಗಿ ಅಡಲ್ಟ್ ಸ್ಕೂಲ್ ನಡೆಸುತ್ತವೆ. ಫ್ರೀಮಾಂಟ್‌ನಲ್ಲೂ ಇದೆ, ಮಿಲ್ಪಿಟಾಸ್‌ನಲ್ಲೂ ಇದೆ, ಸಾಂಟಾ ಕ್ಲಾರಾದಲ್ಲೂ ಇದೆ. ಇಂಗ್ಲಿಷ್ ಮತ್ತು ಸಿಟಿಜನ್‌ಶಿಪ್ ಕ್ಲಾಸಿಗೆ ಟ್ಯೂಷನ್ ಫೀ ಇಲ್ಲ, ಪುಸ್ತಕಕ್ಕೆ ಒಂಚೂರು ಖರ್ಚಾಗಬಹುದು. ಸೇರುವಾಗ ಒಂದು ಚಿಕ್ಕ ಪರೀಕ್ಷೆ ಕೊಡುತ್ತಾರೆ, ಯಾವ ಮಟ್ಟದಲ್ಲಿ ಕೂರಿಸಬೇಕು ಅಂತ ನೋಡೋಕೆ. ಅಮ್ಮ ಗಾಬರಿ ಆಗಬೇಕಿಲ್ಲ, ಅದರಲ್ಲಿ ಫೇಲ್ ಅನ್ನೋದು ಇಲ್ಲ. ಹೋಗುವ ಮುಂಚೆ ಫೋನ್ ಮಾಡಿ, ಮುಂದಿನ ಟರ್ಮ್ ಯಾವಾಗ, ಬೆಳಗಿನ ಬ್ಯಾಚ್ ಇದೆಯಾ, ಬಸ್ಸಿನಲ್ಲಿ ಬರೋಕಾಗುತ್ತಾ ಅಂತ ಕೇಳಿ. ಡ್ರೈವಿಂಗ್ ಬರದ ಅಮ್ಮಂದಿರು ಕ್ಲಾಸ್ ಬಿಡೋದಕ್ಕೆ ನಾನು ಕಂಡ ಹಾಗೆ ದೊಡ್ಡ ಕಾರಣ ಇಂಗ್ಲಿಷ್ ಅಲ್ಲ, ಮಗನ ಆಫೀಸ್ ಟೈಮ್.

ಆಮೇಲೆ ಲೈಬ್ರರಿ. ಕೌಂಟರ್‌ನಲ್ಲಿ ಹೋಗಿ ಸಿಟಿಜನ್‌ಶಿಪ್ ಕ್ಲಾಸ್ ಅಂತ ಒಂದೇ ಕೇಳಬೇಡಿ, ಅಡಲ್ಟ್ ಲಿಟರಸಿ ಮತ್ತು ಇಂಗ್ಲಿಷ್ ಕಾನ್ವರ್ಸೇಷನ್ ಗ್ರೂಪ್ ಇದೆಯಾ ಅಂತಲೂ ಕೇಳಿ. ಅಮ್ಮನಿಗೆ ಮೊದಲು ಬೇಕಾಗಿರೋದು ಅದೇ ಇರಬಹುದು. ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲೂ ಪಿನ್ ಕೋಡ್ ಹಾಗೆ ಜಿಪ್ ಕೋಡ್ ಹಾಕಿ ಹತ್ತಿರದ ಕ್ಲಾಸ್ ಹುಡುಕುವ ಪುಟ ಇದೆ. ಆದರೆ 2025ರಲ್ಲಿ ಸಿಟಿಜನ್‌ಶಿಪ್ ತಯಾರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಅನುದಾನ ನಿಂತುಹೋಯಿತು, ಅದನ್ನು ನಂಬಿದ್ದ ಸಂಸ್ಥೆಗಳಿಗೆ ಕೈ ಕಟ್ಟಿದಂತಾಯಿತು. ಪಟ್ಟಿಯಲ್ಲಿ ಹೆಸರಿದೆ ಅಂತ ನೇರ ಹೊರಟುಬಿಡಬೇಡಿ, ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಇದೆಲ್ಲ ಯೂಟ್ಯೂಬ್‌ನಲ್ಲೇ ಸಿಗುತ್ತದಲ್ವಾ, ಕ್ಲಾಸ್ ಯಾಕೆ ಅಂತ ಕೇಳುವವರಿದ್ದಾರೆ. ಪ್ರಶ್ನೋತ್ತರ ಬಾಯಿಪಾಠ ಮಾಡೋದಕ್ಕೆ ಕ್ಲಾಸ್ ಬೇಡ, ಒಪ್ಪುತ್ತೇನೆ. 2025ರ ಅಕ್ಟೋಬರ್ 20ರಿಂದ ಈಚೆಗೆ ಹಾಕಿದ ಅರ್ಜಿಗಳಿಗೆ ಹೊಸ ಪರೀಕ್ಷೆ. ಒಟ್ಟು 128 ಪ್ರಶ್ನೆ, ಅದರಲ್ಲಿ 20ರವರೆಗೆ ಕೇಳುತ್ತಾರೆ, 12 ಸರಿ ಬಂದರೆ ಪಾಸ್. ಹಿಂದಿನದು 100 ಪ್ರಶ್ನೆ, ಹತ್ತು ಕೇಳಿ ಆರು ಸರಿ ಇದ್ದರೆ ಸಾಕಿತ್ತು. ಹಳೇ ವಿಡಿಯೋ ನೋಡಿ ಕಲಿಯುವವರು ಇಲ್ಲೇ ಎಡವುತ್ತಾರೆ. ಪ್ರಶ್ನೆಗಳ ಪೂರ್ತಿ ಪಟ್ಟಿ ಉತ್ತರದ ಸಮೇತ ಯುಎಸ್‌ಸಿಐಎಸ್ ಪುಕ್ಕಟೆ ಕೊಡುತ್ತದೆ, ಅದನ್ನೇ ಪ್ರಿಂಟ್ ತೆಗೆಯಿರಿ. ಗವರ್ನರ್ ಯಾರು, ಸೆನೆಟರ್ ಯಾರು ಅನ್ನುವ ಉತ್ತರ ಮಾತ್ರ ಇಂಟರ್‌ವ್ಯೂ ಹತ್ತಿರ ಬಂದಾಗ ಮತ್ತೆ ನೋಡಿಕೊಳ್ಳಬೇಕು.

ಬರೆಯೋದೂ ಭಯಪಡುವಷ್ಟಿಲ್ಲ. ಅವರು ಹೇಳಿದ ಒಂದು ವಾಕ್ಯ ಬರೆಯಬೇಕು, ಮೂರು ಅವಕಾಶ ಇರುತ್ತದೆ, ಒಂದು ಸರಿ ಬಂದರೆ ಆಯಿತು. ಓದೋದೂ ಹಾಗೇ. ಬರುವ ಪದಗಳ ಪಟ್ಟಿಯೂ ಮೊದಲೇ ಗೊತ್ತು: ವಾಷಿಂಗ್ಟನ್, ಲಿಂಕನ್, ಪ್ರೆಸಿಡೆಂಟ್, ಫ್ಲ್ಯಾಗ್, ಟ್ಯಾಕ್ಸಸ್, ಇಂಥವು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದಿನಾ ಅರ್ಧ ಪುಟ ಬರೆಸಿದರೆ ಎಂಟನೇ ಕ್ಲಾಸ್ ಓದಿದವರಿಗೆ ಇದು ಬಂದೇ ಬರುತ್ತದೆ.

ಕಷ್ಟ ಇರೋದು ಬೇರೆ ಕಡೆ. ಅರ್ಜಿಯಲ್ಲಿ, ಅಂದರೆ ಎನ್-400 ಫಾರ್ಮ್‌ನಲ್ಲಿ, ನೀವು ಬರೆದದ್ದನ್ನೇ ಆಫೀಸರ್ ಇಂಗ್ಲಿಷ್‌ನಲ್ಲಿ ಒಂದೊಂದಾಗಿ ಕೇಳುತ್ತಾರೆ. ಇಂಗ್ಲಿಷ್ ಮಾತಾಡೋಕೆ ಬರುತ್ತದಾ ಅನ್ನೋದನ್ನು ಅಲ್ಲೇ ಅಳೆಯೋದು. ನಮ್ಮ ಕ್ಲಾಸಿನಲ್ಲಿ ನಾನು ಆಫೀಸರ್ ವೇಷ ಹಾಕುತ್ತೇನೆ. ಮೇಜಿನ ಆ ಕಡೆ ಒಬ್ಬರು, ಈ ಕಡೆ ನಾನು, ಕೈಯಲ್ಲಿ ಅವರದೇ ಫಾರ್ಮ್. ಮಲೆನಾಡಿನ ಕಡೆಯ ಒಬ್ಬರು ಅಜ್ಜಿ ಬರುತ್ತಿದ್ದರು, ಪ್ರಶ್ನೆ ಪಟ್ಟಿ ಎಲ್ಲಿಂದ ಕೇಳಿದರೂ ಪಟಪಟ ಉತ್ತರ. ಅವರಿಗೆ "ಹ್ಯಾವ್ ಯು ಎವರ್ ಕ್ಲೇಮ್ಡ್ ಟು ಬಿ ಎ ಯುಎಸ್ ಸಿಟಿಜನ್?" ಅಂತ ಕೇಳಿದೆ. ನಕ್ಕು, ತಲೆ ಆಡಿಸಿ, "ಯೆಸ್, ಯೆಸ್, ಸಿಟಿಜನ್!" ಅಂದರು. ಸಿಟಿಜನ್ ಆಗಬೇಕಾ ಅಂತ ಕೇಳಿದ್ದು ಅಂದುಕೊಂಡರು, ಪಾಪ. ಆ ಪ್ರಶ್ನೆಗೆ ಅರ್ಥ, ಸಿಟಿಜನ್ ಅಲ್ಲದೇ ಇದ್ದಾಗ ಎಲ್ಲಾದರೂ ಸಿಟಿಜನ್ ಅಂತ ಹೇಳಿಕೊಂಡಿದ್ದೀರಾ ಅಂತ. ಅದಕ್ಕೆ ಹೌದು ಅನ್ನೋದು ದೊಡ್ಡ ತಪ್ಪೊಪ್ಪಿಗೆ. ಮೇಲಿಂದ ಕೆಲವು ಆಫೀಸರ್‌ಗಳು "ವಾಟ್ ಡಸ್ ಓತ್ ಮೀನ್?" ಅಂತ ಪದದ ಅರ್ಥವನ್ನೂ ಕೇಳುತ್ತಾರೆ. ಅದಕ್ಕೆ "ಪ್ರಾಮಿಸ್ ಟು ಟೆಲ್ ದ ಟ್ರೂತ್" ಅಂತ ಮುರುಕು ಇಂಗ್ಲಿಷ್‌ನಲ್ಲಿ ಹೇಳಿದರೂ ನಡೆಯುತ್ತದೆ. ಅರ್ಥ ಆಗದಿದ್ದರೆ "ಪ್ಲೀಸ್ ರಿಪೀಟ್" ಅನ್ನಬಹುದು ಅಂತ ಎಷ್ಟೋ ಜನಕ್ಕೆ ಗೊತ್ತಿರೋದಿಲ್ಲ. ಇದನ್ನು ಮನೆಯಲ್ಲಿ ಮಗ ಮಗಳು ಕೂತು ಹೇಳಿಕೊಡೋದು ಕಷ್ಟ, ಹತ್ತು ನಿಮಿಷಕ್ಕೆ ಜಗಳ ಆಗುತ್ತದೆ. ಪರಿಚಯ ಇಲ್ಲದವರ ಮುಂದೆ, ಪರಿಚಯ ಇಲ್ಲದ ಉಚ್ಚಾರಣೆಯಲ್ಲಿ ಕೇಳಿಸಿಕೊಂಡು ರೂಢಿ ಆಗಬೇಕು. ಕ್ಲಾಸ್ ಬೇಕಾಗಿರೋದು ಇದಕ್ಕೇ.

ಕನ್ನಡದಲ್ಲೇ ಪರೀಕ್ಷೆ ಕೊಡಬಹುದಂತಲ್ಲ ಅಂತ ಯಾರಾದರೂ ಹೇಳುತ್ತಾರೆ. ಹೌದು, 55 ವರ್ಷ ಆಗಿ ಗ್ರೀನ್ ಕಾರ್ಡ್‌ಗೆ 15 ವರ್ಷ ತುಂಬಿದ್ದರೆ, ಅಥವಾ 50 ಆಗಿ 20 ವರ್ಷ ತುಂಬಿದ್ದರೆ, ಇಂಗ್ಲಿಷ್ ಇಲ್ಲದೆ ದುಭಾಷಿ ಇಟ್ಟುಕೊಂಡು ಕೊಡಬಹುದು. ಅಮ್ಮನಿಗೆ ಏಳೇ ವರ್ಷ. ಇನ್ನು ಡಾಕ್ಟರ್ ಹತ್ತಿರ ಎನ್-648, ಅಂದರೆ ಪರೀಕ್ಷೆಯಿಂದ ವಿನಾಯಿತಿ ಕೇಳುವ ವೈದ್ಯಕೀಯ ಫಾರ್ಮ್, ಬರೆಸಿಕೊಂಡು ಬನ್ನಿ ಅಂತಲೂ ಸಲಹೆ ಬರುತ್ತದೆ. ಅದು ಮರೆವಿನ ಕಾಯಿಲೆಯಂಥ ನಿಜವಾದ ತೊಂದರೆ ಇರುವವರಿಗೆ. ವಯಸ್ಸಾಯಿತು, ಓದಿಲ್ಲ ಅನ್ನೋದು ಅದಕ್ಕೆ ಕಾರಣ ಆಗೋದಿಲ್ಲ. ಚೆನ್ನಾಗಿರುವವರಿಗೆ ಸುಳ್ಳು ಕಾಗದ ಮಾಡಿಸಬೇಡಿ.

ಇನ್ನು ದುಡ್ಡು. ಸರ್ಕಾರದ ಫೀ ಆನ್‌ಲೈನ್‌ನಲ್ಲಿ 710 ಡಾಲರ್, ಪೇಪರ್ ಅರ್ಜಿಗೆ 760. ಮನೆಯ ಆದಾಯ ಬಡತನ ಮಿತಿಯ ನಾಲ್ಕು ಪಟ್ಟಿನೊಳಗಿದ್ದರೆ 380, ಒಂದೂವರೆ ಪಟ್ಟಿನೊಳಗಿದ್ದರೆ ಪೂರ್ತಿ ಮಾಫಿ ಕೇಳಬಹುದು. ಈ ರಿಯಾಯಿತಿಗೆ ಪೇಪರ್ ಅರ್ಜಿಯೇ ಹಾಕಬೇಕು. ಅಮ್ಮ ನಿಮ್ಮ ಜತೆಗಿದ್ದು ನಿಮ್ಮ ಸಂಬಳದ ಮೇಲೇ ಅವಲಂಬಿಸಿದ್ದರೆ ನಿಮ್ಮ ಆದಾಯವೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಸಾಫ್ಟ್‌ವೇರ್ ಮನೆಗಳಿಗೆ ಇದು ದಕ್ಕೋದು ಕಡಿಮೆ. ಅಪ್ಪ ಅಮ್ಮ ಬೇರೆ ಅಪಾರ್ಟ್‌ಮೆಂಟಿನಲ್ಲಿ ತಮ್ಮಷ್ಟಕ್ಕೆ ಇರುವವರು ಖಂಡಿತ ಕೇಳಿ ನೋಡಿ.

ಆ ಮುನ್ನೂರು ಡಾಲರ್‌ನವರ ಹತ್ತಿರ ಹೋಗಬೇಡಿ. ಊರಲ್ಲಿ ನೋಟರಿ ಅಂದರೆ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದ ವಕೀಲರು. ಹಾಗಾಗಿ ಇಂಥ ಅಂಗಡಿಯ ಮೇಲೆ ನೋಟರಿ ಅನ್ನುವ ಬೋರ್ಡ್ ನೋಡಿದರೆ ನಮಗೆ ನಂಬಿಕೆ ಬಂದುಬಿಡುತ್ತದೆ. ಇಲ್ಲಿ ನೋಟರಿ ಅಂದರೆ ಸಹಿಗೆ ಸಾಕ್ಷಿ ಹಾಕುವವರು ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಇಮಿಗ್ರೇಷನ್ ಕನ್ಸಲ್ಟೆಂಟ್ ಅಂತ ಕೆಲಸ ಮಾಡುವವರು ರಾಜ್ಯದಲ್ಲಿ ನೋಂದಾಯಿಸಿ ಒಂದು ಲಕ್ಷ ಡಾಲರ್ ಬಾಂಡ್ ಇಡಬೇಕು, ಹಾಗಿದ್ದೂ ಅವರು ಕಾನೂನು ಸಲಹೆ ಕೊಡುವಂತಿಲ್ಲ, ನೀವು ಹೇಳಿದ್ದನ್ನು ತುಂಬಬೇಕು ಅಷ್ಟೇ. ನಿಮಗೆ ಬೇಕಿರೋದು ಸಲಹೆ ತಾನೇ?

ಸಲಹೆ ಕೊಡುವ ಹಕ್ಕಿರೋದು ಇಬ್ಬರಿಗೆ. ಒಬ್ಬರು ಲಾಯರ್. ಇಮಿಗ್ರೇಷನ್ ಫೆಡರಲ್ ಕಾನೂನು, ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಸರಿ, ಆ ರಾಜ್ಯದ ಬಾರ್ (ವಕೀಲರ ಸಂಘ) ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿದರೆ ಗೊತ್ತಾಗುತ್ತದೆ. ಇನ್ನೊಬ್ಬರು ನಮ್ಮವರಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದವರು, ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್. ಲಾಯರ್ ಅಲ್ಲ, ಆದರೆ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟಿರುತ್ತದೆ, ಲಾಭಕ್ಕಲ್ಲದ ಸಂಸ್ಥೆಗಳಲ್ಲಿ ಮಾತ್ರ ಕೆಲಸ ಮಾಡುತ್ತಾರೆ, ದಿನ ಬೆಳಗಾದರೆ ಎನ್-400 ನೋಡುತ್ತಿರುತ್ತಾರೆ. ಇಲಾಖೆಯ ವೆಬ್‌ಸೈಟಿನಲ್ಲಿ ರಾಜ್ಯವಾರು ಪಟ್ಟಿ ಇದೆ. ನಮ್ಮ ಬೇ ಏರಿಯಾದಲ್ಲಿ ಇಮಿಗ್ರೇಷನ್ ಇನ್‌ಸ್ಟಿಟ್ಯೂಟ್ ಆಫ್ ದ ಬೇ ಏರಿಯಾ, ಸ್ಯಾನ್ ಹೋಸೆಯ ಏಷ್ಯನ್ ಲಾ ಅಲಯನ್ಸ್, ಕ್ಯಾಥೊಲಿಕ್ ಚಾರಿಟೀಸ್ ಇವರನ್ನು ಕೇಳಿ. ಕೊನೆಯದರ ಹೆಸರು ನೋಡಿ ಹಿಂಜರಿಯಬೇಡಿ, ಯಾರೂ ನಿಮ್ಮ ಧರ್ಮ ಕೇಳೋದಿಲ್ಲ. ಇಂಥ ಕಡೆ ಪುಕ್ಕಟೆ ಅಥವಾ ಅಲ್ಪ ಫೀ.

ಇವರು ಶನಿವಾರ ಭಾನುವಾರ ಸಿಟಿಜನ್‌ಶಿಪ್ ವರ್ಕ್‌ಶಾಪ್ ಇಡುವುದುಂಟು. ವಾಲಂಟಿಯರ್‌ಗಳು ಫಾರ್ಮ್ ತುಂಬುತ್ತಾರೆ, ಕೊನೆಯ ಮೇಜಿನಲ್ಲಿ ಲಾಯರ್ ಒಮ್ಮೆ ಕಣ್ಣಾಡಿಸುತ್ತಾರೆ. ಸರಳವಾದ ಕೇಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಿಮ್ಮದನ್ನು ಮಾತ್ರ ಆ ಏಳೂವರೆ ತಿಂಗಳು ಕಂಡ ತಕ್ಷಣ ಪಕ್ಕಕ್ಕಿಡುತ್ತಾರೆ, ಅರ್ಧ ದಿನ ಕ್ಯೂ ನಿಂತದ್ದು ದಂಡ. ನೀವು ನೇರವಾಗಿ ಕನ್ಸಲ್ಟೇಷನ್ ಅಪಾಯಿಂಟ್‌ಮೆಂಟ್ ಕೇಳಿ.

ಹೋಗುವಾಗ ಗ್ರೀನ್ ಕಾರ್ಡ್, ಹಳೇ ಹೊಸ ಪಾಸ್‌ಪೋರ್ಟ್ ಎರಡೂ, ಐದು ವರ್ಷದ ವಿಳಾಸ, ಟ್ಯಾಕ್ಸ್ ಕಾಗದ, ಸ್ಟ್ಯಾಂಪ್ ನೋಡಿ ಬರೆದ ಹೋದ ಬಂದ ದಿನಗಳ ಪಟ್ಟಿ ಒಯ್ಯಿರಿ. ಅಮ್ಮನನ್ನು ಕೂರಿಸಿಕೊಂಡು ಇನ್ನೊಂದು ವಿಷಯ ನಿಧಾನವಾಗಿ ಕೇಳಿ. ಡಿಎಂವಿಯಲ್ಲಿ, ಅಂದರೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಆಫೀಸಿನಲ್ಲಿ, ಐಡಿ ಮಾಡಿಸುವಾಗ ಸಿಟಿಜನ್‌ಗಳಿಗೆ ಮಾತ್ರ ಇರುವ ವೋಟರ್ ರಿಜಿಸ್ಟ್ರೇಷನ್‌ಗೆ ಟಿಕ್ ಹಾಕಿದ್ದಾರಾ? ಮನೆಗೆ ವೋಟಿಂಗ್ ಕಾಗದ ಏನಾದರೂ ಬಂದಿತ್ತಾ? ಹಾಗೇನಾದರೂ ಇದ್ದರೆ ಅದನ್ನು ಮುಚ್ಚಿಡದೆ ಮೊದಲು ಕನ್ಸಲ್ಟೇಷನ್ ಕೊಡುವವರಿಗೆ ಹೇಳಿ, ಅವರು ನೋಡುವವರೆಗೆ ಅರ್ಜಿ ಹಾಕಬೇಡಿ. ಪೊಲೀಸ್ ಕೇಸ್ ಇದ್ದವರಿಗೂ ಇದೇ ಮಾತು, ಕೇಸ್ ವಜಾ ಆಗಿದ್ದರೂ ಸರಿ. ಯಾರ ಹತ್ತಿರವೂ ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ, ಒರಿಜಿನಲ್ ಬಿಟ್ಟು ಬರಬೇಡಿ, ಫಾರ್ಮ್ ತುಂಬಿದವರು ಅದರಲ್ಲೇ ತಮ್ಮ ಹೆಸರು ಬರೆದು ಸಹಿ ಹಾಕಬೇಕು. ಹಾಕೋದಿಲ್ಲ ಅಂದರೆ ಎದ್ದು ಬನ್ನಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಟರ್ಮ್‌ಗೇ ಅಮ್ಮನನ್ನು ಅಡಲ್ಟ್ ಸ್ಕೂಲಿಗೆ ಸೇರಿಸಿ, ಒಂದು ಕನ್ಸಲ್ಟೇಷನ್ ಮಾಡಿಸಿ, ಅವರು ಬೇರೆ ಹೇಳದಿದ್ದರೆ ಆ ಒಂದೂವರೆ ವರ್ಷ ಕಾಯುತ್ತಿದ್ದೆ. ಇಂಗ್ಲಿಷ್‌ಗೂ ಅಷ್ಟು ಸಮಯ ಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಓತ್, ಅಂದರೆ ಸಿಟಿಜನ್ ಆಗುವ ಪ್ರಮಾಣವಚನ, ಆದ ದಿನವೇ ಭಾರತದ ಪೌರತ್ವ ಹೋಗುತ್ತದೆ, ಆ ಪಾಸ್‌ಪೋರ್ಟ್ ಬಳಸುವಂತಿಲ್ಲ. ಹಾಸನದಲ್ಲಿ ಅಮ್ಮನ ಹೆಸರಲ್ಲಿ ಗದ್ದೆ ತೋಟ ಇದ್ದರೆ ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿಯೂ ಬರಬಹುದು, ಹೊಸದಾಗಿ ಕೃಷಿ ಜಮೀನು ಕೊಳ್ಳೋಕಾಗಲ್ಲ. ಅಮೆರಿಕದ ಪಾಸ್‌ಪೋರ್ಟ್ ಬರಬೇಕು, ಹಳೇ ಪಾಸ್‌ಪೋರ್ಟ್ ಸರೆಂಡರ್ ಮಾಡಬೇಕು, ಆಮೇಲೆ ಓಸಿಐ, ಅಂದರೆ ವೀಸಾ ಇಲ್ಲದೆ ಭಾರತಕ್ಕೆ ಬಂದು ಹೋಗುವ ಕಾರ್ಡ್. ಇದೆಲ್ಲ ಒಂದಾದ ಮೇಲೆ ಒಂದು ಆಗುವ ಕೆಲಸ. ಆ ಸಮಯದಲ್ಲಿ ಊರಲ್ಲಿ ಯಾರದಾದರೂ ಮದುವೆ ಇದ್ದರೆ ಓತ್‌ಗೆ ಮುಂಚೆಯೇ ಹೋಗಿ ಬರಲಿ, ಆರು ತಿಂಗಳೊಳಗೆ.