ಒಂಬತ್ತು ದಿನದ ಕಾಲ್ನಡಿಗೆ, 18 ಕೆ.ಜಿ. ಬ್ಯಾಗ್: ಏನನ್ನು ತೆಗೆಯಲಿ?

ನೀವು ಕೇಳಿರುವುದು ಇಷ್ಟು: ಡಿಸೆಂಬರ್ ಕೊನೆಯಲ್ಲಿ ತಲಕಾವೇರಿಯಿಂದ ಹೊರಟು ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ, ವಿರಾಜಪೇಟೆ, ಗೋಣಿಕೊಪ್ಪ, ಶ್ರೀಮಂಗಲದ ಮೇಲೆ ಇರುಪುವರೆಗೆ ಒಂಬತ್ತು ದಿನ ನಡೆಯಬೇಕೆಂದಿದ್ದೀರಿ. ಮೈಸೂರಿನ ಮನೆಯಲ್ಲಿ ಬ್ಯಾಗ್ ತೂಗಿದರೆ 18.2 ಕೆ.ಜಿ. ಬಂದಿದೆ. ನಿಮ್ಮ ತೂಕ 62. ಮನೆಯ ಮಹಡಿ ಹತ್ತಿ ಇಳಿಯುವಷ್ಟರಲ್ಲೇ ಭುಜ ಹಿಡಿದುಕೊಂಡಿದೆ. ಹೊಸ, ಹಗುರವಾದ ದುಬಾರಿ ಬ್ಯಾಗ್ ಕೊಂಡರೆ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ.

ಸರಿಹೋಗುವುದಿಲ್ಲ. ಬ್ಯಾಗನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಿ, ಅಥವಾ ಕೊಳ್ಳಲೇಬೇಡಿ.

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಬರೆಯುವುದು, ಸಂಜೆ ಕಣದಲ್ಲಿ ನಿಂತು ಕೊಯ್ದ ಹಣ್ಣಿನ ಮೂಟೆ ತೂಗಿಸುವುದು ನನ್ನ ಕೆಲಸ. ತೂಕದ ವಿಷಯದಲ್ಲಿ ನನಗೆ ಸ್ವಲ್ಪ ಚಟವಿದೆ ಎಂದೇ ತಿಳಿಯಿರಿ. ಆ ಚಟ ಅಂಟಿದ್ದು ಮಾತ್ರ ಒಂದು ಅವಮಾನದಿಂದ.

ಕೆಲವು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ಗೆಳೆಯರೊಂದಿಗೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ ಹತ್ತಲು ಹೋಗಿದ್ದೆ. ತುದಿ 1,712 ಮೀಟರ್ ಎತ್ತರದಲ್ಲಿದೆ, ಕುಕ್ಕೆ ಇರುವುದು ತಗ್ಗಿನಲ್ಲಿ. ಹಾಗಾಗಿ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಕಾಲಿನಲ್ಲೇ ಏರಬೇಕು. ನನ್ನ ಬೆನ್ನಿನ ಮೇಲೆ 17 ಕೆ.ಜಿ. ಇತ್ತು. ಅದರಲ್ಲಿ ಒಂದು ಕೆ.ಜಿ. ಕಲ್ಲುಪ್ಪು! ಜಿಗಣೆಗೆಂದು ಇಡೀ ಪೊಟ್ಟಣವನ್ನೇ ಹಾಕಿಕೊಂಡಿದ್ದೆ. ಮಧ್ಯಾಹ್ನ ಮಳೆ ಹೊಯ್ದಿತು, ಬ್ಯಾಗಿನೊಳಗೆ ಉಪ್ಪು ಕರಗಿತು, ಉಪ್ಪುನೀರು ಬೆನ್ನಿನಿಂದ ಸೊಂಟಕ್ಕೆ ಇಳಿಯಿತು. ಪಟ್ಟಿ ಉಜ್ಜಿ ಚರ್ಮ ಕಿತ್ತಿದ್ದ ಜಾಗಕ್ಕೆ ಅದು ತಾಗಿದಾಗ ನಾನು ಕುಣಿದ ಕುಣಿತವನ್ನು ಗೆಳೆಯರು ಈಗಲೂ ಮದುವೆ ಮನೆಗಳಲ್ಲಿ ಮಾಡಿ ತೋರಿಸುತ್ತಾರೆ. ನಡುದಾರಿಯ ಗಿರಿಗದ್ದೆಯಿಂದಲೇ ಹಿಂದಿರುಗಿದೆ.

ಮರುದಿನ ಒದ್ದೆ ಸಾಮಾನನ್ನೆಲ್ಲ ಕಾಫಿ ಒಣಗಿಸುವ ಕಣದಲ್ಲಿ ಹರವಿದ್ದೆ. ಮೂರು ಜೀನ್ಸ್, ಎರಡು ಟರ್ಕಿ ಟವೆಲ್, ಸ್ಟೀಲ್ ಡಬ್ಬಿ, ದಪ್ಪ ಕಾದಂಬರಿಯೊಂದು, ಇಡೀ ಕುಟುಂಬಕ್ಕೆ ಸಾಲುವ ಟೂತ್‌ಪೇಸ್ಟ್. ತೋಟದಲ್ಲಿ ಬಹಳ ವರ್ಷಗಳಿಂದ ದುಡಿಯುವ ಹಿರಿಯ ಹೆಂಗಸೊಬ್ಬರು ನಿಂತು ನೋಡಿ, "ನಾನು ಮೂಟೆ ಹೊತ್ತರೆ ನೀವು ಕೂಲಿ ಬರೆಯುತ್ತೀರಿ ರೈಟರೇ. ಇದನ್ನು ಹೊತ್ತದ್ದಕ್ಕೆ ನಿಮಗೆ ಯಾರು ಬರೆಯುತ್ತಾರೆ?" ಎಂದು ಕೇಳಿ ಹೋದರು. ಆ ಸಂಜೆಯೇ ಒಂದೊಂದನ್ನೂ ಕರಿಮೆಣಸು ತೂಗುವ ಚಿಕ್ಕ ತಕ್ಕಡಿಗೆ ಹಾಕಿ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಪ್ರತಿಯೊಂದರ ಮುಂದೆ "ಬಳಸಿದೆ", "ಬಳಸಲಿಲ್ಲ" ಎಂದು ಗುರುತು ಹಾಕಿದೆ. ಬಳಸದ್ದರ ಮೊತ್ತ 9 ಕೆ.ಜಿ. ದಾಟಿತು. ಅವನ್ನೆಲ್ಲ ಯಾಕೆ ಹಾಕಿಕೊಂಡಿದ್ದೆ ಎಂದು ಯೋಚಿಸಿದರೆ ಸಿಕ್ಕಿದ್ದು ಒಂದೇ ಪದ: "ಇರಲಿ". ಚಳಿಯಾದರೆ ಇರಲಿ, ಬೇಜಾರಾದರೆ ಇರಲಿ, ಅಮ್ಮ ಕೊಟ್ಟಿದ್ದಾರೆ, ಇರಲಿ.

ನಿಮ್ಮ ಪಟ್ಟಿಗೆ ಬರುತ್ತೇನೆ. ಬೆನ್ನಿನ ಹೊರೆ ದೇಹದ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎಂಬುದು ಚಾರಣಿಗರ ರೂಢಿಯ ಲೆಕ್ಕ. ನಿಮಗೆ ಅದು 12 ಕೆ.ಜಿ.ಯ ಆಸುಪಾಸು. ಆದರೆ ನೀವು ನಡೆಯಲಿರುವ ದಾರಿಗೆ ಅಷ್ಟೂ ಬೇಕಿಲ್ಲ.

ಟೆಂಟ್ 2.8, ಮಲಗುವ ಚೀಲ 1.7, ಚಾಪೆ 0.4, ಗ್ಯಾಸ್ ಒಲೆ ಮತ್ತು ಪಾತ್ರೆ 1.3 ಎಂದು ಬರೆದಿದ್ದೀರಿ. ಒಟ್ಟು 6.2 ಕೆ.ಜಿ. ಇಷ್ಟನ್ನೂ ಮನೆಯಲ್ಲಿ ಬಿಡಿ. ನಿಮ್ಮ ದಾರಿ ಊರಿನಿಂದ ಊರಿಗೆ ಹೋಗುತ್ತದೆ, ರಾತ್ರಿಗೆ ಹೋಂಸ್ಟೇ ಅಥವಾ ವಸತಿಗೃಹ ಸಿಗುತ್ತದೆ. ಮೊದಲೇ ಕರೆಮಾಡಿ ಗೊತ್ತುಮಾಡಿಕೊಳ್ಳಿ, ವರ್ಷಾಂತ್ಯದಲ್ಲಿ ಇಲ್ಲಿ ನೂಕುನುಗ್ಗಲು. ಟೆಂಟ್ ಹಾಕುತ್ತೇನೆಂದರೂ ತಡಿಯಂಡಮೋಳ್ ಬೆಟ್ಟದ ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ತೋಟಗಳಲ್ಲಿ ಹಾಕಲು ಮಾಲೀಕರೂ ಬಿಡುವುದಿಲ್ಲ, ಬಿಟ್ಟರೂ ಆನೆ ಬಿಡುವುದಿಲ್ಲ. ಡಿಸೆಂಬರಿನ ರಾತ್ರಿ ಇಲ್ಲಿ ಚಳಿ 10 ಡಿಗ್ರಿಯ ಹತ್ತಿರ ಇಳಿಯಬಹುದು. ಮನೆಗಳಲ್ಲಿ ಕಂಬಳಿ ಕೊಡುತ್ತಾರೆ. ಬೇರೆಯವರ ಹೊದಿಕೆ ಎಂದು ಮುಜುಗರವಿದ್ದರೆ ಒಳಗೆ ಸುತ್ತಿಕೊಳ್ಳಲು 300 ಗ್ರಾಮಿನ ಒಂದು ತೆಳು ಬೆಡ್‌ಶೀಟ್ ಸಾಕು.

ನೀರು ಮೂರು ಲೀಟರ್ ಎಂದರೆ ಮೂರು ಕೆ.ಜಿ. ನೀರಿನ ತೂಕವನ್ನು ಯಾವ ಕಂಪನಿಯೂ ಕಡಿಮೆ ಮಾಡಿ ಮಾರಲಾರದು. ಊರು, ಅಂಗಡಿ, ಮನೆ ಸಿಗುವ ದಾರಿಯಲ್ಲಿ ಒಂದು ಲೀಟರ್ ಸಾಕು, ಬೆಟ್ಟ ಹತ್ತುವ ದಿನ ಮಾತ್ರ ಎರಡು. ಸ್ಟೀಲ್ ಬಾಟಲಿಯ ಬದಲು ಅಂಗಡಿಯ ನೀರಿನ ಬಾಟಲಿ ಇಟ್ಟುಕೊಳ್ಳಿ, ಅದರ ತೂಕ ಲೆಕ್ಕಕ್ಕೇ ಬರುವುದಿಲ್ಲ. ಒಂದು ಎಚ್ಚರಿಕೆ: ತೋಡಿನ ನೀರು ಸ್ಫಟಿಕದಂತೆ ಕಂಡರೂ ತೋಟಗಳ ನಡುವೆ ಅದನ್ನು ಕುಡಿಯಬೇಡಿ. ಡಿಸೆಂಬರ್ ಎಂದರೆ ಕಾಫಿ ಕೊಯ್ಲಿನ ಕಾಲ, ಹಣ್ಣಿನ ಪಲ್ಪಿಂಗ್ ಮಾಡಿದ, ಅಂದರೆ ಸಿಪ್ಪೆ ಸುಲಿದು ತೊಳೆದ ನೀರು ಹಳ್ಳ ಸೇರುವುದುಂಟು, ಔಷಧಿ ಹೊಡೆದದ್ದೂ ಸೇರುವುದುಂಟು. ಕುದಿಸಿದರೂ ಗುಳಿಗೆ ಹಾಕಿದರೂ ಅದು ಹೋಗುವುದಿಲ್ಲ. ಯಾರದಾದರೂ ಮನೆಯ ಅಂಗಳದಲ್ಲಿ ನಿಂತು ಕೇಳಿ. ಬಾವಿ ನೀರು ಕೊಡುತ್ತಾರೆ, ಜೊತೆಗೆ ನಿಮ್ಮ ಊರು ಯಾವುದು, ಯಾಕೆ ನಡೆದುಕೊಂಡು ಬಂದಿರಿ, ಬಸ್ಸಿಲ್ಲವೇ ಎಂಬ ವಿಚಾರಣೆಯೂ ಆಗುತ್ತದೆ.

ಆಹಾರ 2.4 ಕೆ.ಜಿ. ಹಾಕಿದ್ದೀರಿ, ಅದರಲ್ಲಿ ಅರ್ಧ ಬಿಸ್ಕತ್ತು ಮತ್ತು ನೂಡಲ್ಸ್. ಒಲೆಯೇ ಹೋದಮೇಲೆ ನೂಡಲ್ಸ್ ಯಾತಕ್ಕೆ? ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟದಲ್ಲಿ 4. ಹಾಗಾಗಿ ಹೊರುವ ಗ್ರಾಮಿಗೆ ಹೆಚ್ಚು ಶಕ್ತಿ ಬೇಕೆಂದರೆ ಹುರಿದ ಕಡಲೆಕಾಯಿ ಬೀಜ, ಕೊಬ್ಬರಿ. ಜೊತೆಗೆ ಸಿಹಿಗೆ ಸ್ವಲ್ಪ ಬೆಲ್ಲ. ಎಲ್ಲ ಸೇರಿ 600 ಗ್ರಾಂ ಇಟ್ಟುಕೊಂಡು ದಾರಿಯ ಪಟ್ಟಣಗಳಲ್ಲಿ ಮತ್ತೆ ತುಂಬಿಸಿಕೊಳ್ಳಿ. ಬೆಳಿಗ್ಗೆ ಮತ್ತು ರಾತ್ರಿ ಹೊಟ್ಟೆ ತುಂಬ ಉಂಡು ಹೊರಟರೆ ಮಧ್ಯಾಹ್ನಕ್ಕೆ ಇಷ್ಟು ಧಾರಾಳ.

ಬಟ್ಟೆಯ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರ. ಒಂಬತ್ತು ದಿನಕ್ಕೆ ಒಂಬತ್ತು ಅಂಗಿ ಬೇಡ. ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ. ನಡೆದ ಜೊತೆಯನ್ನು ಸಂಜೆ ಒಗೆದು ಒಣಹಾಕಿ. ಬೆಳಿಗ್ಗೆ ಸ್ವಲ್ಪ ತೇವವಿದ್ದರೆ ನಡೆಯುವಾಗ ಮೈಮೇಲೆಯೇ ಒಣಗುತ್ತದೆ. ಜೀನ್ಸ್ ಮಾತ್ರ ಖಂಡಿತ ಬೇಡ. ನನ್ನದೊಂದು 700 ಗ್ರಾಂ ತೂಗಿತ್ತು, ಅದೂ ಒಣಗಿದಾಗ. ಟರ್ಕಿ ಟವೆಲ್ಲಿಗೆ ಬದಲು ತೋರ್ತು ಎನ್ನುವ ತೆಳುವಾದ ಹತ್ತಿ ಟವೆಲ್ ತನ್ನಿ. ಅದು ಬಿಸಿಲಿಗೆ ತಲೆಗೆ, ಚಳಿಗೆ ಕುತ್ತಿಗೆಗೆ, ಬ್ಯಾಗಿನ ಪಟ್ಟಿ ಉಜ್ಜಿದರೆ ಭುಜದ ಕೆಳಗೆ ಮಡಚಿಡಲಿಕ್ಕೂ ಆಗುತ್ತದೆ. ಕಾಲುಚೀಲ ಮಾತ್ರ ಮೂರು ಜೊತೆ ಇರಲಿ. ಈ "ಇರಲಿ" ನ್ಯಾಯವಾದದ್ದು, ಒದ್ದೆ ಕಾಲುಚೀಲದಿಂದ ಪಾದದಲ್ಲಿ ಬೊಬ್ಬೆ ಎದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ದಪ್ಪ ಅಟ್ಟೆಯ ಭಾರದ ಬೂಟೂ ಬೇಡ. ಪಾದಕ್ಕೆ ಕಟ್ಟಿದ ತೂಕವನ್ನು ಹೆಜ್ಜೆಹೆಜ್ಜೆಗೂ ಎತ್ತಿ ಇಡಬೇಕಾದ್ದರಿಂದ ಅದು ಬೆನ್ನಿನ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ಹೆಚ್ಚು ಸುಸ್ತು ಮಾಡುತ್ತದೆ.

550 ಗ್ರಾಮಿನ ರೇನ್‌ಕೋಟ್ ಎಂದಿದ್ದೀರಿ. ಡಿಸೆಂಬರಿನಲ್ಲಿ ಅಕಾಲದ ಒಂದೆರಡು ಮಳೆ ಬಿದ್ದರೂ ಬೀಳಬಹುದು, ಪೂರ್ತಿ ಬಿಡಿ ಎನ್ನಲಾರೆ. ನಮ್ಮಲ್ಲಿ ನಾಟಿ ಮಾಡುವವರು ಪ್ಲಾಸ್ಟಿಕ್ ಹಾಳೆಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಸಿಕ್ಕಿಸಿಕೊಳ್ಳುವ ಕೊಪ್ಪೆಯನ್ನು ನೋಡಿದ್ದೀರಲ್ಲವೇ? ತೆಳು ಹಾಳೆಯಾದರೆ 150 ಗ್ರಾಂ. ಬೆನ್ನಿನ ಮೇಲೆ ಬ್ಯಾಗ್ ಇದ್ದಂತೆಯೇ ಹೊದ್ದುಕೊಳ್ಳಬಹುದು, ಅದಕ್ಕೆ ಬೇರೆ ಕವರ್ ಬೇಡ. ಕುಳಿತುಕೊಳ್ಳಲು ನೆಲಕ್ಕೆ ಹಾಸಬಹುದು. ಇದನ್ನು ಹಳ್ಳಿಗಾಡಿನ ಉಪಾಯ ಎಂದು ತಳ್ಳಿಹಾಕಬೇಡಿ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಬಟ್ಟೆಯ ಚೀಲ, ಮಳೆಗೆ ಸ್ನಾನಗೃಹದ ಪ್ಲಾಸ್ಟಿಕ್ ಪರದೆ. ಟೆಂಟ್ ಇರಲಿಲ್ಲ, ಮಲಗುವ ಚೀಲವೂ ಇರಲಿಲ್ಲ. ಆ ಪರದೆ ನಮ್ಮ ಕೊಪ್ಪೆಯ ಅಕ್ಕನೋ ತಂಗಿಯೋ ಆಗಿರಬೇಕು.

ಕೊಪ್ಪೆಯಿದ್ದರೂ ಬ್ಯಾಗಿನೊಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಸಾಮಾನು ತುಂಬಿ. ಬ್ಯಾಗಿನ ಮೇಲೆ ಹಾಕುವ ಕವರ್ ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ, ಉಪ್ಪಿನ ಕಥೆಯಲ್ಲಿ ನನಗೆ ಆದದ್ದೂ ಅದೇ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ನಾಲ್ಕು ಸಲ ತೊಳೆದು ನಾನು ಬಳಸುತ್ತೇನೆ. ವಾಸನೆ ಹೋಗಿದೆ ಎಂದು ನಾನು ಹೇಳುತ್ತೇನೆ, ಮನೆಯವರು ಒಪ್ಪುವುದಿಲ್ಲ.

ಚಿಲ್ಲರೆ ಸಾಮಾನು 1.4 ಕೆ.ಜಿ. ಇದೆ. ದಿನವೂ ವಿದ್ಯುತ್ ಸಿಗುವ ದಾರಿಗೆ 20,000 ಎಂಎಎಚ್ ಪವರ್ ಬ್ಯಾಂಕ್ ಬೇಡ, 10,000ದ್ದು ಸಾಕು, ಅಲ್ಲಿಗೆ 200 ಗ್ರಾಂ ಉಳಿಯಿತು. ಸೋಪನ್ನು ಕತ್ತರಿಸಿ ಅರ್ಧ ತನ್ನಿ. ಮಾತ್ರೆಗಳ ಪೂರ್ತಿ ಹಾಳೆ ಬೇಡ, ನಾಲ್ಕು ನಾಲ್ಕು ಕತ್ತರಿಸಿ. ಆದರೆ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುದಿಯನ್ನೇ ಉಳಿಸಿಕೊಳ್ಳಿ. ನಾನೊಮ್ಮೆ ಜ್ವರದ ಮಾತ್ರೆ ಯಾವುದು, ಭೇದಿಯದು ಯಾವುದು ಎಂದು ತಿಳಿಯದೆ ಎರಡನ್ನೂ ನುಂಗದೆ ರಾತ್ರಿ ಕಳೆದಿದ್ದೇನೆ. ಓಆರ್‌ಎಸ್, ಗಾಯದ ಪಟ್ಟಿ, ಹಣೆಗೆ ಕಟ್ಟುವ ಟಾರ್ಚ್, ಇವುಗಳ ತಂಟೆಗೆ ಹೋಗಬೇಡಿ, ಅವು ಹಾಗೆಯೇ ಇರಬೇಕು. ಜಿಗಣೆ ಕಾಟ ಆ ತಿಂಗಳಲ್ಲಿ ಕಡಿಮೆ. ಉಪ್ಪು ತರುವುದಾದರೆ ಒಂದು ಚಮಚದಷ್ಟು, ಪೊಟ್ಟಣ ಕಟ್ಟಿ ಜೇಬಿನಲ್ಲಿ. ನೀವು ಬರೆದಿರುವ ಟೈಟಾನಿಯಂ ಚಮಚ ಜುಟ್ಟಿಗೆ ಮಲ್ಲಿಗೆ ಅಷ್ಟೇ, ಕೊಡಗಿನಲ್ಲಿ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ಕೈಯಲ್ಲೇ ತಿನ್ನುತ್ತಾರೆ.

ಕೂಡಿ ಕಳೆದರೆ ನಿಮ್ಮ ಹಳೆಯ 2.3 ಕೆ.ಜಿ. ಬ್ಯಾಗನ್ನೇ ಇಟ್ಟುಕೊಂಡರೂ ನೀರು, ತಿಂಡಿ ಸಮೇತ ಆರೂವರೆ ಕೆ.ಜಿ.ಯ ಸುತ್ತಮುತ್ತ ಬರುತ್ತದೆ. ಸಾಮಾನು ಇಷ್ಟು ಇಳಿದ ಮೇಲೆ ದೊಡ್ಡ ಬ್ಯಾಗ್ ಅರ್ಧ ಖಾಲಿ ಕಾಣುತ್ತದೆ. ಆಗ ಅದನ್ನು ತುಂಬಿಸಬೇಕೆನ್ನುವ ಆಸೆ ಬರುತ್ತದೆ. ಒಂದು ಕೆ.ಜಿ. ತೂಗುವ 40 ಲೀಟರಿನ ಬ್ಯಾಗ್ ಗೆಳೆಯರ ಬಳಿ ಇದ್ದರೆ ಕೇಳಿ ತನ್ನಿ, ಆಸೆಗೂ ಜಾಗವಿರುವುದಿಲ್ಲ.

ಬೆಟ್ಟದ ದಿನಗಳಲ್ಲಿ ಇದನ್ನೂ ಹೊರಬೇಡಿ. 1,748 ಮೀಟರಿನ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ. ಅದಕ್ಕೆ ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವಾಗ ಬ್ಯಾಗನ್ನು ಉಳಿದುಕೊಂಡ ಮನೆಯಲ್ಲಿ ಬಿಟ್ಟು ನೀರು, ತಿಂಡಿ, ಕೊಪ್ಪೆ ಮಾತ್ರ ಒಂದು ಬಟ್ಟೆಯ ಚೀಲದಲ್ಲಿ ಒಯ್ಯಿರಿ. ಇರುಪುವಿನಿಂದ ಬ್ರಹ್ಮಗಿರಿ ಬೆಟ್ಟಕ್ಕೆ ಹೋಗುವ ಮನಸ್ಸಿದ್ದರೂ ಹಾಗೆಯೇ. ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ವಿಚಾರಿಸಿಕೊಳ್ಳಿ. ಶ್ರೀಮಂಗಲದ ಆಚೆ ನಾಗರಹೊಳೆ ಕಾಡು ಹತ್ತಿರ, ಮುಸ್ಸಂಜೆಗೆ ಆನೆ ರಸ್ತೆಗೆ ಬರುತ್ತದೆ. ಸಂಜೆ ನಾಲ್ಕರೊಳಗೆ ಬಾಗಿಲು ತಟ್ಟುವಂತಿರಬೇಕು. 18 ಕೆ.ಜಿ. ಹೊತ್ತು ಅದು ಆಗುವ ಮಾತಲ್ಲ.

ಮುಂದೆ ಹಿಮಾಲಯಕ್ಕೆ ಹೋಗಬೇಕೆಂದೂ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅಲ್ಲಿ ನನ್ನ ಈ ಲೆಕ್ಕ ನಡೆಯುವುದಿಲ್ಲ, ಮನೆಯಿಲ್ಲದ ಕಡೆ ಮನೆಯನ್ನು ಹೊರಲೇಬೇಕು. ಆಗ ಮೊದಲು ಕೈಯಿಡಬೇಕಾದದ್ದು ಬ್ಯಾಗ್, ಟೆಂಟ್, ಮಲಗುವ ಚೀಲ ಈ ಮೂರಕ್ಕೆ, ಚಮಚಕ್ಕಲ್ಲ. ಇಬ್ಬರಿದ್ದರೆ ಒಂದೇ ಟೆಂಟನ್ನು ಕಂಬಿ ಒಬ್ಬರಿಗೆ, ಬಟ್ಟೆ ಒಬ್ಬರಿಗೆ ಎಂದು ಹಂಚಿಕೊಳ್ಳಿ. ಆಹಾರ, ನೀರು, ಇಂಧನ ಬಿಟ್ಟು ಉಳಿದದ್ದು 9 ಕೆ.ಜಿ.ಯೊಳಗಿದ್ದರೆ ಅದನ್ನು ಹಗುರ ಎನ್ನುತ್ತಾರೆ. ನಾಲ್ಕೂವರೆಗೆ ಇಳಿಸುವವರೂ ಇದ್ದಾರೆ, ಆದರೆ ಮೊದಲ ಸಲವೇ ಆ ಪಂದ್ಯಕ್ಕೆ ಇಳಿಯಬೇಡಿ, ಚಳಿ ತಮಾಷೆಯಲ್ಲ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಈಗಲೂ ಒಂದು ಸ್ಟೀಲ್ ಫ್ಲಾಸ್ಕ್ ಹೊರುತ್ತೇನೆ. ಬೆಲ್ಲದ ಕರಿಕಾಫಿ ತುಂಬಿದರೆ ಹತ್ತಿರ ಹತ್ತಿರ ಒಂದು ಕೆ.ಜಿ. ಅದನ್ನು ಸಮರ್ಥಿಸಿಕೊಳ್ಳಲು ನನ್ನಲ್ಲಿ ಯಾವ ಲೆಕ್ಕವೂ ಇಲ್ಲ. ನಿಮ್ಮದೂ ಅಂಥದ್ದೊಂದು ಇದ್ದರೆ ತನ್ನಿ, ಎರಡಾದರೆ ಬೇಡ.

ಹೊರಡುವುದಕ್ಕೆ ಒಂದು ವಾರ ಮುಂಚೆ ಒಂದು ಬೆಳಿಗ್ಗೆ ಬ್ಯಾಗ್ ಪೂರ್ತಿ ತುಂಬಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಏಳುನೂರು ಮೆಟ್ಟಿಲಾಗುವ ಹೊತ್ತಿಗೆ ನಂದಿ ಸಿಗುತ್ತದೆ. ಅಲ್ಲಿ ಕುಳಿತು ಬ್ಯಾಗ್ ಬಿಚ್ಚಿ ಒಂದೊಂದನ್ನೇ ಹೊರಗಿಡಿ. "ಇದು ಯಾಕೆ?" ಎಂದು ಕೇಳಿಕೊಂಡಾಗ ಬಾಯಿಗೆ ಮೊದಲು "ಇರಲಿ" ಎಂದು ಬಂದದ್ದನ್ನೆಲ್ಲ ಬೇರೆ ಚೀಲಕ್ಕೆ ಹಾಕಿ ಮನೆಗೆ ಒಯ್ಯಿರಿ.