ನಿಮ್ಮಜ್ಜಿಯ ಎರಡು ಎಕರೆ

ನಮಸ್ಕಾರ. ಉಡುಪಿ ಕಡೆಯಿಂದ ನೀವು ಬರೆದ ಪತ್ರ ಸಿಕ್ಕಿತು. ಗಂಡ ತೀರಿಹೋದ ಮೇಲೆ ಸಾಗುವಳಿ ಮಾಡಿಸಲು ಆಗದೆ ನಿಮ್ಮಜ್ಜಿ ಎರಡು ಎಕರೆ ಗದ್ದೆ ಗೇಣಿಗೆ ಕೊಟ್ಟರು, ಗೇಣಿಗೆ ಮಾಡುತ್ತಿದ್ದ ಒಕ್ಕಲು ಗದ್ದೆ ತನಗೆ ಸಿಗಬೇಕೆಂದು ಡಿಕ್ಲರೇಷನ್ ಕೊಟ್ಟ, ಗದ್ದೆ ಅವನ ಹೆಸರಿಗಾಯಿತು. ‘ಭೂಸುಧಾರಣೆಯನ್ನು ಹೊಗಳಿ ಬರೆಯುತ್ತೀರಲ್ಲ, ನಮಗೇನು ಒಳ್ಳೆಯದಾಯ್ತು?’ ಅಂತ ಕೇಳಿದ್ದೀರಿ.

ನಿಮಗೆ ಒಳ್ಳೆಯದಾಗಲಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಫಾರಂ 7 (ಅದೇ ಡಿಕ್ಲರೇಷನ್) ಕೊಟ್ಟ ಒಕ್ಕಲಿಗೆ ಸಿಗುವಂತೆ ದೇವರಾಜ ಅರಸು ಸರ್ಕಾರ ಕಾನೂನು ಮಾಡಿದಾಗ ಸೈನಿಕರಿಗೆ, ನಾವಿಕರಿಗೆ ವಿನಾಯ್ತಿ ಇತ್ತು, ವಿಧವೆಯರಿಗೆ ಇರಲಿಲ್ಲ. ಈ ಅರ್ಜಿಗಳನ್ನು ತೀರ್ಮಾನಿಸುವ ಟ್ರಿಬ್ಯೂನಲ್ ಮುಂದೆ ವಕೀಲರು ಬರುವಂತಿರಲಿಲ್ಲ. ಬಡ ಒಕ್ಕಲಿಗೆ ಅದರಿಂದ ಉಪಕಾರವಾಯಿತು, ಸರಿ. ಆದರೆ ಓದು ಬಾರದ ಒಂಟಿ ಹೆಂಗಸು ಅಲ್ಲಿ ನಿಂತು ಏನು ಹೇಳಬೇಕಿತ್ತು? ದೊಡ್ಡ ಧಣಿಗಳಿಗೆ ಪೇಟೆಯಲ್ಲಿ ಮನೆ, ಮಕ್ಕಳಿಗೆ ನೌಕರಿ ಇತ್ತು. ನಿಮ್ಮಜ್ಜಿಗೆ ಆಧಾರ ಅಂತ ಇದ್ದದ್ದು ಆ ಗದ್ದೆ. ಇದು ಅನ್ಯಾಯವೇ.

ಇನ್ನೊಂದು ಕಡೆಯದ್ದನ್ನೂ ನೋಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಒಂದು ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆಯುವ ಧಣಿಯ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ಡದು. ಅಂದರೆ ಕಣದಲ್ಲಿ ಒಂದೊಂದು ಸಲ ಅಳೆದಾಗಲೂ ಒಕ್ಕಲಿನ ಮನೆಯ ಒಂದಿಷ್ಟು ಊಟ ಸುಮ್ನೆ ಧಣಿಯ ಪಣತಕ್ಕೆ, ಅಂದರೆ ಕಣಜಕ್ಕೆ, ಹೋಗುತ್ತಿತ್ತು, ಹೆಚ್ಚು ಮಾತಾಡಿದರೆ ಉಳುವ ಗದ್ದೆಯೂ ಕೈಬಿಟ್ಟು ಹೋಗುವ ಭಯ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಭಯ ನಿಜವಾಗಿ ಹೋಗಿದ್ದು 1974ರ ನಂತರವೇ. ನಿಮ್ಮ ಎರಡು ಎಕರೆಯ ಲೆಕ್ಕ ಹಿಡಿದು ಇದನ್ನು ಬೇಡ ಅನ್ನಲು ನನ್ನಿಂದಾಗದು. ಚಿಕ್ಕ ಹಿಡುವಳಿಯ ವಿಧವೆಯರಿಗೆ ಬೇರೆ ದಾರಿ ಮಾಡಬಹುದಿತ್ತು, ಮಾಡಲಿಲ್ಲ. ತಪ್ಪು ಅಲ್ಲಿದೆ.

ನನಗೆ ಇನ್ನೂ ಜಾಸ್ತಿ ನೋವು ಕೊಡುವುದು ಕೂಲಿಯವರ ವಿಷಯ. ಅದೇ ಗದ್ದೆಯಲ್ಲಿ ನಾಟಿ, ಕೊಯ್ಲು ಮಾಡಿದವರು ಗೇಣಿದಾರರಲ್ಲವಲ್ಲ, ಹಾಗಾಗಿ ಫಾರಂ 7 ಅವರದ್ದಲ್ಲ. ಬೇರೆಯವರ ಜಾಗದಲ್ಲಿ ಕಟ್ಟಿಕೊಂಡಿದ್ದ ಮನೆಯ ಅಡಿಸ್ಥಳಕ್ಕೆ ಮಾತ್ರ ಕಾನೂನು ಹಕ್ಕು ಕೊಟ್ಟಿತು. ಅವರಲ್ಲಿ ಬಹಳಷ್ಟು ಜನ ದಲಿತರು. ಭೂಸುಧಾರಣೆಯ ಜಗಳದಲ್ಲಿ ಧಣಿ, ಒಕ್ಕಲು ಇಬ್ಬರ ಮಾತೂ ಕೇಳುತ್ತದೆ, ಇವರದ್ದು ಕೇಳುವುದೇ ಇಲ್ಲ.

ಕೊನೆಗೆ, ನಿಮ್ಮ ಕೈಯಲ್ಲಿ ಉಳಿದ ಮುಕ್ಕಾಲು ಎಕರೆಯನ್ನು ಬೇಸಾಯ ಮಾಡದೆ ಹಡಿಲು ಬಿಟ್ಟಿದ್ದೀರಿ, ಗೇಣಿಗೆ ಕೊಟ್ಟರೆ ಮತ್ತೆ ಹೋಗುತ್ತದೆ ಅಂತ. ಫಾರಂ 7ರ ಗಡುವು 1979ಕ್ಕೇ ಮುಗಿದಿದೆ, ಇವತ್ತು ಉಳುವವರು ಡಿಕ್ಲರೇಷನ್ ಕೊಡಲಾಗುವುದಿಲ್ಲ. ಆದರೆ ಗೇಣಿಗೆ ಕೊಡುವುದನ್ನೇ ಕಾನೂನು ಇನ್ನೂ ತಡೆದಿರುವುದರಿಂದ ನಿಮ್ಮ ಭಯ ಪೂರ್ತಿ ಸುಳ್ಳೂ ಅಲ್ಲ. ಬಾಯಿಮಾತಿನಲ್ಲಿ ಗದ್ದೆ ಮಾಡುವವರಿಗೆ ಕಾಗದವಿಲ್ಲ, ಕಾಗದವಿಲ್ಲದೆ ಬೆಳೆಸಾಲಕ್ಕೂ ವಿಮೆಗೂ ಪರದಾಟ. ಮಾಲೀಕತ್ವಕ್ಕೆ ಧಕ್ಕೆಯಾಗದಂತೆ ಬರವಣಿಗೆಯ ಗೇಣಿಗೆ ಅವಕಾಶ ಕೊಡಿ ಅಂತ ನಾವು ಕೇಳಬೇಕು. ನೀವೂ ಕೇಳಿ, ನಿಮ್ಮ ಗದ್ದೆ ಮಾಡಲು ತಯಾರಿರುವವರನ್ನೂ ಜೊತೆಗೆ ಕರೆದುಕೊಂಡು ಕೇಳಿ.

— ಸಂಪಾದಕ