ಬೇರೆ ಏರ್‌ಲೈನ್‌ನ ಬಿಸಿನೆಸ್ ಕ್ಲಾಸ್: ಮೊದಲು ವಿಮಾನ ಯಾವುದೆಂದು ನೋಡಿ

14 ಗಂಟೆಯ ರಾತ್ರಿ ಪ್ರಯಾಣಕ್ಕೆ ಮಾಮೂಲಿ ಏರ್‌ಲೈನ್ ಬಿಟ್ಟು ಎಮಿರೇಟ್ಸ್ ಅಥವಾ ಕತಾರ್‌ನ ಬಿಸಿನೆಸ್ ಕ್ಲಾಸ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಆದರೆ ಕಂಪನಿ ಹೆಸರಿಗಿಂತ ವಿಮಾನದ ಮಾದರಿ ಮುಖ್ಯ. ಎಮಿರೇಟ್ಸ್‌ನ ಎ380 ವಿಮಾನದಲ್ಲಿ ಸೀಟು 1-2-1, ಅಂದರೆ ಸಾಲಿನಲ್ಲಿ ಒಂದು ಸೀಟು, ಓಡಾಡುವ ದಾರಿ, ಎರಡು ಸೀಟು, ಮತ್ತೆ ದಾರಿ, ಒಂದು ಸೀಟು. ಯಾರನ್ನೂ ದಾಟದೆ ಎದ್ದು ಹೋಗಬಹುದು. ಅದರದೇ ನವೀಕರಿಸದ 777ರಲ್ಲಿ 2-3-2. ಕಿಟಕಿ ಸೀಟಿನವರು ನಡುರಾತ್ರಿ ಪಕ್ಕದವರ ಕಾಲು ದಾಟಬೇಕು. ನಡುವಿನ ಸೀಟಿಗಂತೂ ಆ ದುಡ್ಡು ದಂಡ. ಕತಾರ್‌ನ ಕ್ಯೂಸೂಟ್ ಎಂಬ ಬಾಗಿಲಿರುವ ಸೀಟು ಕೂಡ ಎಲ್ಲ ವಿಮಾನಗಳಲ್ಲಿಲ್ಲ, 787-8ರಲ್ಲಿ ಸಿಗುವುದಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಸೀಟ್ ಮ್ಯಾಪ್ ತೆರೆದು ಸಾಲಿಗೆಷ್ಟು ಸೀಟು ಎಣಿಸಿ. ಹೊರಡುವ ವಾರ ಇನ್ನೊಮ್ಮೆ ನೋಡಿ. ವಿಮಾನ ಬದಲಾಗಿದ್ದರೆ ನೀವು ಆರಿಸಿದ ಸೀಟೂ ಕೈತಪ್ಪಿರಬಹುದು, ತಕ್ಷಣ ಫೋನ್ ಮಾಡಿ.

ಎತ್ತರದವರಾದರೆ ಹಾಸಿಗೆಯ ಉದ್ದಕ್ಕಿಂತ ಕಾಲು ತೂರಿಸುವ ಗೂಡಿನ ಅಗಲವೇ ನಿದ್ದೆ ಕೆಡಿಸುವುದು. ಮೊದಲ ಸಾಲಿನಲ್ಲಿ ಅದು ಸಾಮಾನ್ಯವಾಗಿ ದೊಡ್ಡದು. ಆದರೆ ಮಗುವಿನ ತೊಟ್ಟಿಲು ಹಾಕುವುದೂ ಅಲ್ಲೇ, ಅಡುಗೆ ಕಟ್ಟೆಯ ಸದ್ದೂ ಹತ್ತಿರ.

ಮೈಲ್ಸ್ (ಹಾರಾಟಕ್ಕೆ ಸಿಗುವ ಪಾಯಿಂಟ್) ನಿಮ್ಮ ಮಾಮೂಲಿ ಏರ್‌ಲೈನ್‌ನ ಹಳೆಯ ಖಾತೆಗೇ ಬೇಕಿದ್ದರೆ ಎರಡು ಕಂಪನಿಗಳ ನಡುವೆ ಪಾಲುದಾರಿಕೆ ಇದೆಯೇ, ನಿಮ್ಮ ಟಿಕೆಟ್‌ನ ಫೇರ್ ಕ್ಲಾಸ್ ಅಕ್ಷರಕ್ಕೆ (ಟಿಕೆಟ್ ಯಾವ ದರದ್ದೆಂದು ಹೇಳುವ ಅಕ್ಷರ) ಎಷ್ಟು ಸಿಗುತ್ತದೆ ನೋಡಿಕೊಳ್ಳಿ. ಅಗ್ಗದ ಬಿಸಿನೆಸ್ ಟಿಕೆಟ್‌ಗಳಲ್ಲಿ ಲೌಂಜ್ ಕೂಡ ಇಲ್ಲದಿರಬಹುದು.